ಓದುಗರ ಪ್ರಶ್ನೆ: ಕಡಿಮೆ ಖರ್ಚಿನಲ್ಲಿ ವಿದೇಶ ಸುತ್ತುವುದು ಹೇಗೆ?

ಪ್ರಶ್ನೆ: ಮಾನ್ಯರೇ, ನನಗೆ ಇಪ್ಪತ್ನಾಲ್ಕು ವರ್ಷ. ಡಿಪ್ಲೊಮಾ ಮುಗಿಸಿ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೇನೆ. ಮೂರು ವಾರ ರಜೆ ಸಿಗುತ್ತದೆ, ಉಳಿಸಿದ 80,000 ರೂಪಾಯಿ ಇದೆ. ಟ್ರಾವೆಲ್ ಏಜೆನ್ಸಿಯವರು ಐದು ದಿನದ ಪ್ಯಾಕೇಜಿಗೇ ಹೆಚ್ಚುಕಡಿಮೆ ಅಷ್ಟು ಹಣ ಹೇಳುತ್ತಾರೆ. ಚಿಕ್ಕಪ್ಪನವರು, ಹೋಗುವುದಾದರೆ ಸ್ವಲ್ಪ ಸಾಲ ಮಾಡಿ ಯುರೋಪಿಗೇ ಹೋಗು ಎನ್ನುತ್ತಾರೆ. ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬನೇ ಹೋಗಿಬರಲು ಈ ಹಣ ಸಾಕಾಗುವುದೇ?
— ಓದುಗ, ಪಾಂಡವಪುರ

ಉತ್ತರ: ಸಾಕಾಗುತ್ತದೆ. ಆದರೆ ಸಾಲ ಮಾಡಬೇಡಿ. ನಿಮ್ಮ ಚಿಕ್ಕಪ್ಪನವರ ಉತ್ಸಾಹವನ್ನು ಗೌರವಿಸುತ್ತಲೇ ಹೇಳುವುದಾದರೆ, ಮೊದಲ ಪ್ರವಾಸಕ್ಕೆ ಯುರೋಪು ಸೂಕ್ತವಲ್ಲ. ಅಲ್ಲಿನ 29 ದೇಶಗಳಿಗೆ ಒಟ್ಟಾಗಿ ನೀಡುವ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ 90 ಯೂರೋ ಆಗಿದೆ. ಅರ್ಜಿ ತಿರಸ್ಕೃತವಾದರೂ ಅದು ಹಿಂದಿರುಗುವುದಿಲ್ಲ. ಅದರ ಮೇಲೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟು, ತಂಗುವ ಕಡೆಯ ಬುಕಿಂಗ್ ಎಲ್ಲವನ್ನೂ ತೋರಿಸಬೇಕು. ಇಷ್ಟೆಲ್ಲ ಮಾಡಿ ಹೋದವರು ಖರ್ಚಿನ ಭಯದಲ್ಲಿ ಎಂಟು ದಿನಕ್ಕೇ ಹಿಂದಿರುಗುತ್ತಾರೆ.

ನಿಮ್ಮ ಹಣಕ್ಕೂ ರಜೆಗೂ ಹೊಂದುವುದು ಆಗ್ನೇಯ ಏಷ್ಯಾ. ಥಾಯ್ಲೆಂಡ್ 2024ರ ಜುಲೈನಲ್ಲಿ ಭಾರತೀಯರಿಗೆ 60 ದಿನಗಳ ವೀಸಾರಹಿತ ಪ್ರವೇಶ ನೀಡಿತು; ಮಲೇಷ್ಯಾ 2023ರ ಡಿಸೆಂಬರ್‌ನಿಂದ 30 ದಿನಗಳ ಅವಕಾಶ ಕೊಟ್ಟಿದೆ. ಇಂತಹ ವಿನಾಯಿತಿಗಳನ್ನು ಸರ್ಕಾರಗಳು ಆಗಾಗ ಬದಲಿಸುವುದರಿಂದ, ಟಿಕೆಟ್ ಕೊಳ್ಳುವ ದಿನ ಆಯಾ ದೇಶದ ರಾಯಭಾರ ಕಚೇರಿಯ ಅಧಿಕೃತ ಜಾಲತಾಣವನ್ನು ನೋಡಿಯೇ ಮುಂದುವರಿಯಿರಿ. ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಇರಬೇಕು. ಎರಡೂ ದೇಶಗಳು ಈಗ ಪ್ರಯಾಣಕ್ಕೆ ಮುಂಚಿನ ಮೂರು ದಿನಗಳೊಳಗೆ ಆನ್‌ಲೈನ್ ಆಗಮನ ಕಾರ್ಡ್ ತುಂಬಿಸಿಕೊಳ್ಳುತ್ತವೆ. ಅದು ಸಂಪೂರ್ಣ ಉಚಿತ. ಹಣ ಕೇಳುವ ಜಾಲತಾಣ ಯಾವುದೇ ಇದ್ದರೂ ಅದು ಸರ್ಕಾರದ್ದಲ್ಲ.

ಖರ್ಚಿನ ಲೆಕ್ಕ ಹಾಕುವಾಗ ಹೆಚ್ಚಿನವರು ಊಟ, ವಸತಿಗಳ ಬಗ್ಗೆಯೇ ಚಿಂತಿಸುತ್ತಾರೆ. ನಿಜಕ್ಕೂ ಹಣವನ್ನು ನುಂಗುವುದು ಓಡಾಟ. ಮೂರು ವಾರದಲ್ಲಿ ಎಂಟು ಊರು ನೋಡಹೊರಟವನು ದಿನ ಬಿಟ್ಟು ದಿನ ಬಸ್ಸು, ವಿಮಾನ, ಟ್ಯಾಕ್ಸಿಗಳಿಗೆ ತೆರುತ್ತಲೇ ಇರುತ್ತಾನೆ, ಯಾವ ಊರಿನಲ್ಲಿಯೂ ಅಗ್ಗದ ಊಟದ ಜಾಗವನ್ನು ಗುರುತಿಸಿಕೊಳ್ಳುವಷ್ಟು ದಿನ ನಿಲ್ಲುವುದಿಲ್ಲ. ಅದೇ ಹಣದಲ್ಲಿ ಮೂರು ನಾಲ್ಕು ಊರುಗಳಲ್ಲಿ ಐದೈದು ದಿನ ನಿಂತರೆ ಖರ್ಚೂ ತಗ್ಗುತ್ತದೆ, ಊರೂ ಅರ್ಥವಾಗುತ್ತದೆ. ನಾನು ಬಹಳ ಗಟ್ಟಿಯಾಗಿ ನಂಬಿರುವ ಮಾತಿದು.

ಬೆಂಗಳೂರಿನಿಂದ ಬ್ಯಾಂಕಾಕಿಗೆ ಹೋಗುವ ಟಿಕೆಟನ್ನು, ಕ್ವಾಲಾಲಂಪುರದಿಂದ ಬೆಂಗಳೂರಿಗೆ ಹಿಂದಿರುಗುವ ಟಿಕೆಟನ್ನು ಬೇರೆಬೇರೆಯಾಗಿ, ಸಾಕಷ್ಟು ಮುಂಚಿತವಾಗಿ ಕೊಳ್ಳಿ. ಹೋದ ದಾರಿಯಲ್ಲೇ ಹಿಂದಿರುಗುವ ಖರ್ಚು ಉಳಿಯುತ್ತದೆ, ವಲಸೆ ಅಧಿಕಾರಿಗಳು ಕೇಳಿದರೆ ತೋರಿಸಲು ಮರಳುವ ಟಿಕೆಟೂ ಕೈಯಲ್ಲಿರುತ್ತದೆ. ಅಗ್ಗದ ವಿಮಾನಗಳಲ್ಲಿ ಸಾಮಾನ್ಯವಾಗಿ 7 ಕಿಲೋ ಕೈಚೀಲಕ್ಕೆ ಮಾತ್ರ ಅವಕಾಶವಿರುವುದರಿಂದ ಅಷ್ಟರಲ್ಲೇ ಬಟ್ಟೆಬರೆ ಹೊಂದಿಸಿ. ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಬೇಡ. ಮೈಸೂರಿನಿಂದ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರವಾಗಿ ಹೋಗುತ್ತದೆ.

ಬ್ಯಾಂಕಾಕಿನಲ್ಲಿ ಕೆಲವು ದಿನ ಇದ್ದು, ಸುಮಾರು 80 ಕಿಲೋಮೀಟರ್ ದೂರದ ಹಳೆಯ ರಾಜಧಾನಿ ಅಯುತ್ಥಯಾಕ್ಕೆ ಮೂರನೇ ದರ್ಜೆಯ ರೈಲಿನಲ್ಲಿ ಹೋಗಿಬನ್ನಿ. ಅನಂತರ ಬ್ಯಾಂಕಾಕಿನಿಂದ ರಾತ್ರಿಯಿಡೀ ದಕ್ಷಿಣಕ್ಕೆ ಸಾಗುವ ಸ್ಲೀಪರ್ ರೈಲು ಹತ್ತಿದರೆ ಬೆಳಿಗ್ಗೆ ಮಲೇಷ್ಯಾದ ಗಡಿಯಲ್ಲಿರುವ ಪಡಾಂಗ್ ಬೆಸಾರ್ ತಲುಪುತ್ತೀರಿ. ಒಂದು ರಾತ್ರಿಯ ಬಾಡಿಗೆ ಉಳಿಯುತ್ತದೆ. ಎರಡೂ ದೇಶಗಳ ವಲಸೆ ತಪಾಸಣೆ ಅದೇ ನಿಲ್ದಾಣದಲ್ಲಿ ಮುಗಿಯುತ್ತದೆ. ಅಲ್ಲಿಂದ ಲೋಕಲ್ ರೈಲಿನಲ್ಲಿ ಬಟರ್‌ವರ್ತ್, ನಿಲ್ದಾಣದ ಪಕ್ಕದಿಂದಲೇ ಹೊರಡುವ ದೋಣಿಯಲ್ಲಿ ಪೆನಾಂಗಿನ ಜಾರ್ಜ್ ಟೌನ್. 2008ರಲ್ಲಿ ಯುನೆಸ್ಕೋದ ಪಟ್ಟಿಗೆ ಸೇರಿದ ಈ ಊರಿನಲ್ಲಿ ತಮಿಳರ ಬೀದಿಗಳಿವೆ, ಬಾಳೆಲೆ ಊಟ ಸಿಗುತ್ತದೆ. ಸಸ್ಯಾಹಾರಿಗಳಾದರೆ ಥಾಯ್ಲೆಂಡಿನಲ್ಲಿ ಎಚ್ಚರವಿರಲಿ. ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಹಾಕುವ ವಾಡಿಕೆ ಅಲ್ಲಿದೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಬರೆದ ಅಂಗಡಿಗಳಲ್ಲಿ ಮಾಂಸವನ್ನಾಗಲಿ ಮೀನನ್ನಾಗಲಿ ಬಳಸುವುದಿಲ್ಲ.

ತಂಗಲು ಹಾಸ್ಟೆಲ್ಲಿನ ಡಾರ್ಮಿಟರಿಯ ಹಾಸಿಗೆ ಸಾಕು. ಈ ಊರುಗಳಲ್ಲಿ ದಿನಕ್ಕೆ ಸಾವಿರ ರೂಪಾಯಿಯೊಳಗೆ ಒಳ್ಳೆಯದೇ ಸಿಗುತ್ತದೆ. ಈ ಏರ್ಪಾಡನ್ನು ಕೀಳಾಗಿ ಕಾಣಬೇಕಿಲ್ಲ. 1909ರಲ್ಲಿ ರಿಚರ್ಡ್ ಷಿರ್‌ಮನ್ ಎಂಬ ಜರ್ಮನ್ ಶಾಲಾ ಶಿಕ್ಷಕರು, ಮಕ್ಕಳನ್ನು ಕಾಲ್ನಡಿಗೆಯಲ್ಲಿ ಕರೆದೊಯ್ಯುವಾಗ ರಾತ್ರಿ ತಂಗಲು ಅಗ್ಗದ ನೆಲೆಗಳಿರಬೇಕೆಂದು ಯೋಚಿಸಿದ್ದರಿಂದ ಯೂತ್ ಹಾಸ್ಟೆಲ್ ಚಳವಳಿ ಹುಟ್ಟಿತು. ಬಡ ಮಕ್ಕಳೂ ಲೋಕ ನೋಡಲೆಂಬ ಆಸೆ ಅದರ ಹಿಂದಿತ್ತು. ನಿಮ್ಮದೇ ಒಂದು ಬೀಗ ಒಯ್ಯಿರಿ, ಪಾಸ್‌ಪೋರ್ಟನ್ನು ಲಾಕರಿನಲ್ಲಿಡಿ.

ಹಣದ ವಿಷಯದಲ್ಲಿ ಎರಡು ಮಾತು. ಥಾಯ್ಲೆಂಡಿನ ಎಟಿಎಂಗಳು ವಿದೇಶಿ ಕಾರ್ಡಿನಿಂದ ಪ್ರತಿ ಸಲ ಹಣ ತೆಗೆದಾಗ 200 ಬಾತ್‌ಗಿಂತ ಹೆಚ್ಚು ಶುಲ್ಕ ಹಿಡಿಯುವುದರಿಂದ ಪದೇಪದೇ ತೆಗೆಯಬೇಡಿ. ಕಾರ್ಡ್ ಯಂತ್ರವು ರೂಪಾಯಿಯಲ್ಲಿ ಪಾವತಿಸುವಿರಾ ಎಂದು ಕೇಳಿದರೆ ಬೇಡವೆಂದು ಸ್ಥಳೀಯ ಹಣವನ್ನೇ ಆರಿಸಿ; ರೂಪಾಯಿ ಆರಿಸಿದರೆ ವಿನಿಮಯ ದರದಲ್ಲಿ ನಿಮಗೆ ನಷ್ಟವಾಗುತ್ತದೆ.

ಉಳಿಸಬಾರದ ಖರ್ಚು ಪ್ರವಾಸ ವಿಮೆ. ಅಲ್ಲಿ ಬಾಡಿಗೆ ಸ್ಕೂಟರ್ ಓಡಿಸಿ ಬಿದ್ದು ಆಸ್ಪತ್ರೆ ಸೇರುವ ಪ್ರವಾಸಿಗಳು ಅನೇಕರು; ತಕ್ಕ ಪರವಾನಗಿ ಇಲ್ಲದೆ ಓಡಿಸಿದವರಿಗೆ ವಿಮಾ ಕಂಪನಿ ಹಣ ಕೊಡುವುದಿಲ್ಲ. ಓಡಿಸುವ ಆಸೆಯಿದ್ದರೆ ಹೊರಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ.

ಪ್ರಶ್ನೆ: ನನ್ನ ಮಗಳು ಗೆಳತಿಯೊಂದಿಗೆ ನೇಪಾಳಕ್ಕೆ ಹೋಗಿ ಚಾರಣ ಮಾಡುತ್ತೇನೆ ಎನ್ನುತ್ತಾಳೆ. ಆಧಾರ್ ಕಾರ್ಡ್ ಇದ್ದರೆ ಸಾಕಂತೆ, ನಿಜವೇ? ಕಳುಹಿಸಲು ಮನಸ್ಸಿದೆ, ಧೈರ್ಯವಿಲ್ಲ.
— ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಆಧಾರ್ ಸಾಕಾಗುವುದಿಲ್ಲ. 15ರಿಂದ 65 ವರ್ಷದೊಳಗಿನವರು ಪಾಸ್‌ಪೋರ್ಟನ್ನೋ ಚುನಾವಣಾ ಆಯೋಗದ ಗುರುತಿನ ಚೀಟಿಯನ್ನೋ ಒಯ್ಯಬೇಕು, ವೀಸಾ ಬೇಕಿಲ್ಲ. ಪಾಸ್‌ಪೋರ್ಟ್ ಮಾಡಿಸುವುದೇ ಮೇಲು. ಸಾಮಾನ್ಯ ಶುಲ್ಕ 1,500 ರೂಪಾಯಿ. ಬೆಂಗಳೂರಿಗೆ ಓಡಬೇಕಾಗಿಯೂ ಇಲ್ಲ, ಅಂಚೆ ಇಲಾಖೆಯ ಜೊತೆಗೂಡಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆದಾಗ ದೇಶದಲ್ಲಿ ಮೊದಲಿಗೆ ಆರಂಭವಾದವುಗಳಲ್ಲಿ ಮೈಸೂರಿನದೂ ಒಂದು. ಮೈಸೂರಿನಿಂದ ವಾರಾಣಸಿಗೆ ರೈಲಿದೆ. ಅಲ್ಲಿಂದ ಗೋರಖ್‌ಪುರ, ಬಸ್ಸಿನಲ್ಲಿ ಸೋನೌಲಿ ಗಡಿ. ನಮ್ಮ ಒಂದು ರೂಪಾಯಿಗೆ ನೇಪಾಳದ 1.60 ರೂಪಾಯಿ ಎಂಬುದು ಸ್ಥಿರ ದರ.

ನೀವು ಹೆಣ್ಣುಮಕ್ಕಳ ಸುರಕ್ಷತೆಗಾಗಿ ಹೆದರುತ್ತಿದ್ದೀರಿ. ಅದಕ್ಕೆ ಮಹಿಳೆಯರಿಗೇ ಮೀಸಲಾದ ಡಾರ್ಮಿಟರಿ, ನೋಂದಾಯಿತ ಮಾರ್ಗದರ್ಶಿ, ಪ್ರತಿದಿನ ತಂಗುವ ಊರಿನ ಹೆಸರು ನಿಮ್ಮ ಬಳಿ ಇರುವುದು, ಇಷ್ಟನ್ನು ಕಡ್ಡಾಯ ಮಾಡಿ. ನನಗೆ ಹೆಚ್ಚು ಆತಂಕ ತರುವುದು ಎತ್ತರ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಬಾರದು. ತಲೆನೋವು, ವಾಂತಿ ಬಿಡದಿದ್ದರೆ ಕೆಳಗಿಳಿಯುವುದೇ ಮದ್ದು. ಹೆಲಿಕಾಪ್ಟರ್ ರಕ್ಷಣೆ ಒಳಗೊಂಡ ವಿಮೆ ಮಾಡಿಸಿ, ಧೈರ್ಯವಾಗಿ ಕಳುಹಿಸಿ.

ಪ್ರಶ್ನೆ: ಟೆಲಿಗ್ರಾಮಿನಲ್ಲಿ ಪರಿಚಯವಾದವರೊಬ್ಬರು ಥಾಯ್ಲೆಂಡಿಗೆ ಉಚಿತ ಟಿಕೆಟ್, ಕಂಪ್ಯೂಟರ್ ಕೆಲಸ, ತಿಂಗಳಿಗೆ ಒಳ್ಳೆಯ ಸಂಬಳ ಎನ್ನುತ್ತಿದ್ದಾರೆ. ದುಡಿಯುತ್ತಲೇ ದೇಶ ನೋಡಬಹುದಲ್ಲವೇ?
— ಬಿ.ಕಾಂ. ಪದವೀಧರ, ಮದ್ದೂರು

ಉತ್ತರ: ದಯವಿಟ್ಟು ಹೋಗಬೇಡಿ. ಹೀಗೆ ಬ್ಯಾಂಕಾಕಿನಲ್ಲಿಳಿದ ಯುವಕರನ್ನು ಗಡಿ ದಾಟಿಸಿ ಮ್ಯಾನ್ಮಾರಿನ ಸೈಬರ್ ವಂಚನೆಯ ಅಡ್ಡೆಗಳಲ್ಲಿ ಕೂಡಿಹಾಕಿದ್ದಾರೆ. 2025ರ ಮಾರ್ಚ್‌ನಲ್ಲಿ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಪ್ರವಾಸಿಯಾಗಿ ಪ್ರವೇಶಿಸಿ ಸಂಬಳಕ್ಕೆ ದುಡಿಯುವುದು ಅಲ್ಲಿ ಕಾನೂನುಬಾಹಿರವೂ ಹೌದು.

ದುಡಿಯುತ್ತ ಸುತ್ತುವ ನೇರವಾದ ದಾರಿಗಳಿವೆ. ಬ್ರಿಟನ್ನಿನ ಯಂಗ್ ಪ್ರೊಫೆಷನಲ್ಸ್ ಯೋಜನೆಯಲ್ಲಿ 18ರಿಂದ 30 ವರ್ಷದ ಭಾರತೀಯ ಪದವೀಧರರು ಎರಡು ವರ್ಷ ಅಲ್ಲಿದ್ದು ಕೆಲಸ ಮಾಡಬಹುದು. 2,530 ಪೌಂಡ್ ಉಳಿತಾಯ ತೋರಿಸಬೇಕು. ಆಸ್ಟ್ರೇಲಿಯಾ 2024ರಿಂದ ವರ್ಷಕ್ಕೆ 1,000 ಭಾರತೀಯರಿಗೆ ವರ್ಕ್ ಅಂಡ್ ಹಾಲಿಡೇ ವೀಸಾ ತೆರೆದಿದೆ. ಎರಡಕ್ಕೂ ಲಾಟರಿ ಎತ್ತುತ್ತಾರೆ. ಬ್ರಿಟನ್ನಿನ ಲಾಟರಿಗೆ ಹೆಸರು ಕೊಡಲು ಶುಲ್ಕವಿಲ್ಲ, ಆಸ್ಟ್ರೇಲಿಯಾದ್ದಕ್ಕೆ 25 ಆಸ್ಟ್ರೇಲಿಯನ್ ಡಾಲರ್. ಎರಡನ್ನೂ ನೀವೇ ಅಧಿಕೃತ ಜಾಲತಾಣದಲ್ಲಿ ತುಂಬಬಹುದು. ಮಧ್ಯವರ್ತಿಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.