ತೂಕಕ್ಕೆ ಹಾಕುವ ಮುಂಚೆ ಒಂದು ಫೋನ್

ದಕ್ಷಿಣ ಕೊಡಗಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವ ಓದುಗರೊಬ್ಬರು ಬರೆದಿದ್ದಾರೆ. ಹೆಸರು, ಊರು ಎರಡೂ ಬೇಡ ಎಂದಿದ್ದಾರೆ. ನಾಲ್ಕು ಪುಟದ ಪತ್ರ. ಸಾರಾಂಶ ಇಷ್ಟು:

“ಜಾಗ ಸಾಲದು ಅಂತ ನಮ್ಮ ಲೈಬ್ರರಿಯಿಂದ ಹಳೇ ಪುಸ್ತಕಗಳನ್ನು ತೆಗೆಯುತ್ತಿದ್ದಾರೆ. ಅಲ್ಲಿ ಕಂಪ್ಯೂಟರ್ ಇಟ್ಟು ಡಿಜಿಟಲ್ ಕೊಠಡಿ ಮಾಡುತ್ತಾರಂತೆ. ಹತ್ತು ವರ್ಷ ಯಾರೂ ಮುಟ್ಟದ ಪುಸ್ತಕ ಯಾಕೆ, ಎಲ್ಲಾ ನೆಟ್‌ನಲ್ಲಿ ಇದೆಯಲ್ಲ ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ಜಿಲ್ಲೆಯ ನಾಲ್ಕೈದು ಕಾಲೇಜು ಸೇರಿಕೊಂಡು ಒಂದೊಂದು ಪ್ರತಿಯನ್ನಾದರೂ ಉಳಿಸಬಹುದಲ್ಲ ಅಂದೆ. ನಕ್ಕರು. ನನ್ನದು ಬರೀ ಭಾವುಕತೆನಾ?”

ಮೇಡಂ, ನಗುವವರು ನಗಲಿ ಬಿಡಿ. ನೀವು ಹೇಳಿದ್ದನ್ನೇ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ಕೋಟಿಗಟ್ಟಲೆ ಸುರಿದು ಮಾಡುತ್ತಿವೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನನ್ನದೊಂದು ಕಥೆ.

ಕೆಲವು ವರ್ಷದ ಹಿಂದೆ, ಜುಲೈ ತಿಂಗಳು. ಒಂದು ಕಾಲೇಜಿನ ಗೇಟಿನ ಮುಂದೆ ಗೂಡ್ಸ್ ಆಟೋ ನಿಂತಿತ್ತು. ಯಾವ ಕಾಲೇಜು ಅಂತ ಕೇಳಬೇಡಿ. ಆಟೋ ತುಂಬ ಪುಸ್ತಕ, ಮೇಲೆ ಹರಿದ ನೀಲಿ ಟಾರ್ಪಾಲು. ಬಗ್ಗಿ ನೋಡಿದರೆ ಎದುರಿಗೇ ‘ಪ್ರಬುದ್ಧ ಕರ್ನಾಟಕ’ ತ್ರೈಮಾಸಿಕದ ಹಳೇ ಬೈಂಡು. ಕೇಳಿದೆ, ಕೊಡ್ತೀಯೇನಪ್ಪಾ ಅಂತ. ಗುಜರಿಯವನು ಪ್ರಾಮಾಣಿಕ. “ಕೊಡ್ತೀನಿ ಸಾರ್, ಆದ್ರೆ ಮಳೇಲಿ ನೆಂದದ್ದು. ತೂಕ ಜಾಸ್ತಿ ಬರುತ್ತೆ, ನಿಮಗೇ ಲಾಸು” ಅಂದ. ಮೂರು ಬೈಂಡು ತಂದೆ. ನೀರಿಗೂ ದುಡ್ಡು ಕೊಟ್ಟೆ.

ಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಿದ್ದಾಯಿತು. ಹಾಳೆಗಳ ನಡುವೆ ಪೇಪರ್ ತುಂಡು ಹಾಕಿ, ದಿನಾ ತಿರುವಿ ಹಾಕಿ, ಹದಿನೈದು ದಿನ. ಕಾಫಿ ಒಣಗಿಸಿ ಗೊತ್ತಿದ್ದವರಿಗೆ ಇದೇನೂ ಹೊಸದಲ್ಲ. ಒಂದು ಬೈಂಡಿನ ನಡುವೆ ಬೈಂಡರ್ ಒಂದು ಖಾಲಿ ಹಾಳೆ ಸೇರಿಸಿ, ಪೆನ್ಸಿಲಿನಲ್ಲಿ ಬರೆದಿದ್ದ: ‘ಸಂಚಿಕೆ 3 ಇಲ್ಲ’. ಅದೆಷ್ಟು ಶಿಸ್ತು ನೋಡಿ. ಇಲ್ಲದ್ದನ್ನೂ ಲೆಕ್ಕಕ್ಕಿಟ್ಟ ಪುಣ್ಯಾತ್ಮ. ಆ ಮೂರನೇ ಸಂಚಿಕೆ ನನಗೆ ಆಮೇಲೆ ಸೋಮವಾರಪೇಟೆ ಕಡೆ ನಿವೃತ್ತ ಮೇಷ್ಟರೊಬ್ಬರ ಮನೆಯಲ್ಲಿ ಸಿಕ್ಕಿತು. ಅವರ ಹತ್ತಿರ ಅದೊಂದೇ ಇತ್ತು, ಉಳಿದ ಯಾವುದೂ ಇರಲಿಲ್ಲ.

ನಿಮ್ಮ ಸಹೋದ್ಯೋಗಿಗಳಿಗೆ ಇದನ್ನು ಹೇಳಿ. ನಮ್ಮ ಜಿಲ್ಲೆಯ ಯಾವ ಲೈಬ್ರರಿಯಲ್ಲೂ ಒಂದು ಹಳೇ ಪತ್ರಿಕೆಯ ಪೂರ್ತಿ ಸೆಟ್ ಇರಲಿಕ್ಕಿಲ್ಲ. ಒಂದು ಕಡೆ 1, 2, 4 ಇದೆ. ಇನ್ನೊಂದು ಕಡೆ ಬರೀ 3. ಸೇರಿಸಿದರೆ ಒಂದು ಪೂರ್ತಿ ಸೆಟ್. ಸೇರಿಸದಿದ್ದರೆ ಎರಡು ಕಡೆಯೂ ರದ್ದಿ. ಭಾವುಕತೆ ಎಲ್ಲಿ ಬಂತು ಇದರಲ್ಲಿ? ಬರೀ ಕೂಡುವ ಲೆಕ್ಕ.

ಸರಿ, ನೆಟ್ ಪಕ್ಷದವರ ಮಾತನ್ನೂ ಕೇಳೋಣ. ಕಾಲೇಜು ಲೈಬ್ರರಿಗಳನ್ನು ನೆಟ್ ಮೂಲಕ ಜೋಡಿಸುವ ಯುಜಿಸಿಯ ಇನ್‌ಫ್ಲಿಬ್‌ನೆಟ್ ಕೇಂದ್ರ 1991ರಿಂದ ಇದೆ. ಅದರ ಎನ್-ಲಿಸ್ಟ್ ಯೋಜನೆಯಿಂದ ಸಣ್ಣ ಊರಿನ ಕಾಲೇಜಿಗೂ ಸಾವಿರಾರು ಇ-ಜರ್ನಲ್ ಸಿಗುವಂತಾಯಿತು. ಪೊನ್ನಂಪೇಟೆಯಲ್ಲಿ ಅರಣ್ಯ ಓದುವ ಹುಡುಗ ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲೇ ಲೇಖನ ಓದುತ್ತಾನೆ. ಒಳ್ಳೆಯದೇ. ಹತ್ತು ಪ್ರತಿ ಇರುವ ಹಳೇ ಪಠ್ಯಪುಸ್ತಕದಲ್ಲಿ ಒಂಬತ್ತನ್ನು ತೆಗೆದರೆ ನನ್ನದೇನೂ ತಕರಾರಿಲ್ಲ. ಸಾಕಲ್ಲ? ಸಾಕು.

ಈಗ ‘ಎಲ್ಲಾ ನೆಟ್‌ನಲ್ಲಿದೆ’ ಅನ್ನೋ ಮಾತು. 1999ರಲ್ಲಿ ಬ್ರಿಟಿಷ್ ಲೈಬ್ರರಿ ತನ್ನಲ್ಲಿದ್ದ ಹಳೇ ಅಮೆರಿಕನ್ ದಿನಪತ್ರಿಕೆಗಳ ಬೈಂಡುಗಳನ್ನು ಮಾರಾಟಕ್ಕಿಟ್ಟಿತು. ಅಮೆರಿಕದ ಲೈಬ್ರರಿಗಳು ಅದಕ್ಕೂ ಮುಂಚೆಯೇ, ಮೈಕ್ರೋಫಿಲಂ (ಪುಟಗಳನ್ನು ಸಣ್ಣದಾಗಿ ಹಿಡಿದಿಟ್ಟ ಫೋಟೋ ಸುರುಳಿ) ಮಾಡಿಯಾಯಿತು ಅಂತ ಮೂಲವನ್ನು ಬಿಸಾಡಿದ್ದವು. ಜೋಸೆಫ್ ಪುಲಿಟ್ಜರ್ ನಡೆಸುತ್ತಿದ್ದ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಬಣ್ಣಬಣ್ಣದ ಭಾನುವಾರದ ಪುಟಗಳು ಬರುತ್ತಿದ್ದವು. ಫಿಲಂನಲ್ಲಿ ಅವು ಕಪ್ಪು-ಬಿಳುಪು ಮಸಿ. ನಿಕೋಲ್ಸನ್ ಬೇಕರ್ ಅನ್ನೋ ಲೇಖಕ ನಿವೃತ್ತಿಗೆ ಅಂತ ಕೂಡಿಟ್ಟ ದುಡ್ಡು ಹಾಕಿ ಆ ಬೈಂಡುಗಳನ್ನು ಕೊಂಡ. ಗೋಡೌನ್ ಬಾಡಿಗೆಗೆ ಹಿಡಿದು ಇಟ್ಟ. 2004ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯ ಅವನ್ನು ತೆಗೆದುಕೊಂಡಿತು. ಯಾವನೋ ಒಬ್ಬ ಹಠಮಾರಿ ಮನೆ ದುಡ್ಡು ಹಾಕದಿದ್ದರೆ ಆ ಬಣ್ಣಗಳನ್ನು ಇವತ್ತು ಎಲ್ಲಿ ನೋಡಬೇಕಿತ್ತು? ನನ್ನ ಹೆಂಡತಿಗೆ ಈ ಕಥೆ ಹೇಳಿದ್ದೆ. “ನಿಮಗೆ ಪ್ರೇರಣೆ ಬೇಡ” ಅಂದಳು.

ನಮ್ಮದೇ ಉದಾಹರಣೆ ಬೇಕಾದರೆ 1870ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ರಿಕ್ಟರ್ ಪಾದ್ರಿಯ ಕೊಡಗಿನ ಪುಸ್ತಕ ಇದೆ. ಅದು ನೆಟ್‌ನಲ್ಲೂ ಸಿಗುತ್ತದೆ, ಒಪ್ಪಿದೆ. ಆದರೆ ಹಳೇ ಪುಸ್ತಕದ ಸ್ಕ್ಯಾನುಗಳನ್ನು ನೋಡಿದವರಿಗೆ ಗೊತ್ತು. ಮಡಚಿಟ್ಟ ಭೂಪಟವನ್ನು ಬಿಡಿಸದೇ ಹಾಗೇ ಸ್ಕ್ಯಾನ್ ಮಾಡಿರುತ್ತಾರೆ. ಕೆಲವು ಕಡೆ ಪುಟದ ಜೊತೆ ಸ್ಕ್ಯಾನ್ ಮಾಡಿದವರ ಹೆಬ್ಬೆಟ್ಟೂ ಇರುತ್ತದೆ. ಹೆಬ್ಬೆಟ್ಟಿನ ಕೆಳಗೆ ಯಾವ ಊರಿತ್ತು ಅಂತ ನೋಡೋಕೆ ಕೊನೆಗೂ ಕಾಗದವೇ ಬೇಕು.

ಹತ್ತು ವರ್ಷ ಯಾರೂ ಮುಟ್ಟಲಿಲ್ಲ ಅಂದರಲ್ಲ ನಿಮ್ಮವರು, ಅವರಿಗೆ ಮೈಸೂರಿನ ಕಥೆ ಹೇಳಿ. ಅಲ್ಲಿನ ಪ್ರಾಚ್ಯ ಪುಸ್ತಕಾಲಯ ಶುರುವಾದದ್ದು 1891ರಲ್ಲಿ. ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟ ತಾಳೆಗರಿಯ ಕಟ್ಟೊಂದನ್ನು 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ನೋಡಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ. ಕಳೆದೇಹೋಯಿತು ಅಂತ ಜನ ಅಂದುಕೊಂಡಿದ್ದ ಗ್ರಂಥ. 1909ರಲ್ಲಿ ಅಚ್ಚಾಯಿತು. ಯಾವ ಇಶ್ಯೂ ರಿಜಿಸ್ಟರಿನಲ್ಲಿ ಅದರ ಬೇಡಿಕೆ ದಾಖಲಾಗಿತ್ತು ಹೇಳಿ?

ಇನ್ನು ನಿಮ್ಮ ‘ಸೇರಿಕೊಂಡು ಉಳಿಸೋಣ’ ಅನ್ನೋ ಮಾತಿಗೆ ಬರೋಣ. ಬ್ರಿಟನ್ನಿನಲ್ಲಿ 2007ರಲ್ಲಿ ‘ಯುಕೆ ರಿಸರ್ಚ್ ರಿಸರ್ವ್’ ಅಂತ ಶುರು ಮಾಡಿದರು. ನಿಯಮ ಸರಳ. ಯಾವುದಾದರೂ ವಿಶ್ವವಿದ್ಯಾಲಯ ಹಳೇ ಜರ್ನಲ್ ತೆಗೆಯಬೇಕಾ? ಮೊದಲು ಪಟ್ಟಿ ಕಳಿಸಬೇಕು. ಬ್ರಿಟಿಷ್ ಲೈಬ್ರರಿಯಲ್ಲಿ ಒಂದು, ಉಳಿದ ಸದಸ್ಯರಲ್ಲಿ ಎರಡು, ಒಟ್ಟು ಮೂರು ಪ್ರತಿ ಇದ್ದರೆ ಸರಿ, ತೆಗೀರಿ. ಇಲ್ಲದಿದ್ದರೆ ನಿಮ್ಮದನ್ನು ನೀವೇ ಇಟ್ಟುಕೊಳ್ಳಿ. ಹೀಗೆ ಮಾಡಿ 100 ಕಿಲೋಮೀಟರ್ ಶೆಲ್ಫ್ ಖಾಲಿ ಮಾಡುವ ಗುರಿ ಇಟ್ಟುಕೊಂಡರು. ಮಡಿಕೇರಿಯಲ್ಲಿ ಶೆಲ್ಫ್ ಇಡೋಕೆ ಶುರು ಮಾಡಿದರೆ ಹುಣಸೂರು, ಬಿಳಿಕೆರೆ ದಾಟಿ ಇಲವಾಲದ ಹತ್ತಿರ ಮುಗಿಯುತ್ತದೆ. ನೋಡಿ, ಪುಸ್ತಕ ಉಳಿಸೋರೇ ಜಾಗವನ್ನೂ ಉಳಿಸಿದರು. ಜಾಗ ಬೇಕು ಅನ್ನುವ ನಿಮ್ಮ ಪ್ರಿನ್ಸಿಪಾಲರಿಗೆ ಮೊದಲು ಹೇಳಬೇಕಾದ್ದು ಇದೇ. ಅರ್ಥಶಾಸ್ತ್ರದ ಕಥೆ ಎರಡನೆಯದು.

ಅಮೆರಿಕದಲ್ಲಿ ಪ್ರಿನ್ಸ್‌ಟನ್, ಕೊಲಂಬಿಯಾ, ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ ಸೇರಿ 2002ರಲ್ಲಿ ಒಂದು ಜಂಟಿ ಉಗ್ರಾಣವನ್ನೇ ತೆರೆದವು. ಹಾರ್ವರ್ಡ್ ಆಮೇಲೆ ಸೇರಿತು. ಅಲ್ಲಿ ಪುಸ್ತಕ ಜೋಡಿಸೋದು ವಿಷಯದ ಪ್ರಕಾರ ಅಲ್ಲ, ಅಳತೆ ಪ್ರಕಾರ. ಗಿಡ್ಡದ್ದು ಒಂದು ಕಡೆ, ಉದ್ದದ್ದು ಒಂದು ಕಡೆ, ಗುರುತಿಗೆ ಬಾರ್‌ಕೋಡು. ಜನ್ಮವಿಡೀ ವಿಷಯವಾರು ವರ್ಗೀಕರಣಕ್ಕೇ ತಲೆ ಕೊಟ್ಟ, ಕೊನೆಗೆ ಬೆಂಗಳೂರಿನಲ್ಲೇ ನೆಲೆಸಿದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರಿಗೆ ಇದನ್ನು ತೋರಿಸಿದ್ದರೆ ಏನೆನ್ನುತ್ತಿದ್ದರೋ! ಆದರೆ ‘ಪ್ರತಿ ಪುಸ್ತಕಕ್ಕೂ ಒಬ್ಬ ಓದುಗ’ ಅಂತ 1931ರಲ್ಲಿ ಬರೆದವರೂ ಅವರೇ. ಆ ಒಬ್ಬ ಓದುಗ ಎಂಬತ್ತು ವರ್ಷ ಬಿಟ್ಟು ಬರಬಹುದು ಅನ್ನೋದು ನನ್ನ ಸೇರ್ಪಡೆ.

ಇಂಥ ಒಕ್ಕೂಟಗಳಲ್ಲಿ ನನಗೆ ತುಂಬ ಹಿಡಿಸಿದ್ದು ಬರವಣಿಗೆಯ ಒಪ್ಪಂದ. ಇಂಥಾ ಪುಸ್ತಕ ಇಷ್ಟು ವರ್ಷ ನಮ್ಮಲ್ಲೇ ಇರುತ್ತದೆ ಅಂತ ಸಹಿ ಹಾಕುತ್ತಾರೆ. ಕೆಲವು ಕಡೆ 15 ವರ್ಷ, ಕೆಲವು ಕಡೆ 25. ಪ್ರಿನ್ಸಿಪಾಲ್ ಬದಲಾದರೂ ಮಾತು ಬದಲಾಗಬಾರದು. ಕೊಡಗಿನವರಿಗೆ ಇದನ್ನು ವಿವರಿಸಬೇಕಾ? ಒಂದೇ ಮನೆತನದ ಒಕ್ಕದವರು ಬೆಂಗಳೂರು, ದುಬೈ ಅಂತ ಎಲ್ಲೆಲ್ಲೋ ಇರುತ್ತಾರೆ, ಹಿರಿಯರ ಮೂಲ ಮನೆಯಾದ ಐನ್‌ಮನೆ ಒಂದೇ. ಎಲ್ಲರ ಮನೆಯಲ್ಲೂ ಐನ್‌ಮನೆ ಕಟ್ಟಬೇಕಿಲ್ಲ. ಆದರೆ ಎಲ್ಲರದ್ದು ಅಂತ ಬಿಟ್ಟು ಯಾರೂ ದೀಪ ಹಚ್ಚದಿದ್ದರೆ ಮಾಡು ಕುಸಿಯುತ್ತದೆ. ಅಂಥವನ್ನೂ ನೋಡಿದ್ದೇವಲ್ಲ. ಅದಕ್ಕೇ ಪಟ್ಟೆದಾರ, ಅಂದರೆ ಹೊಣೆ ಹೊರುವ ಹಿರಿಯ, ಯಾರು ಅಂತ ಮೊದಲೇ ಬರೆದಿಡಬೇಕು.

ಎಲ್ಲವನ್ನೂ ಒಂದೇ ಕಡೆ ಇಡೋದೂ ತಪ್ಪು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ. ಜೂನ್‌ನಲ್ಲಿ ಮುಚ್ಚಿದ ಬೀರು ಸೆಪ್ಟೆಂಬರಿನಲ್ಲಿ ತೆರೆದರೆ ರಟ್ಟಿನ ಮೇಲೆ ಬಿಳಿ ಬೂಷ್ಟು, ಒಳಗೆ ಗೆದ್ದಲಿನ ಮಣ್ಣು. ಕುಶಾಲನಗರದಲ್ಲಿ ಅದರ ಅರ್ಧದಷ್ಟೂ ಮಳೆಯಿಲ್ಲ, ಅಲ್ಲೇ ಇಡೋಣ ಅಂದರೆ 2018, 2019ರಲ್ಲಿ ಕಾವೇರಿ ಬಡಾವಣೆಗಳ ಒಳಗೇ ನುಗ್ಗಿದಳು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಮನೆ ಮನೆಗಳೇ ಹೋದವು. ಮನುಷ್ಯರನ್ನು ಹುಡುಕುವಾಗ ಪುಸ್ತಕ ಕೇಳುವವರು ಯಾರು? ಕೇಳಲೂಬಾರದು. ಆದರೆ ಆ ಮನೆಗಳ ಅಟ್ಟದಲ್ಲಿ ಏನೇನಿತ್ತು ಅಂತ ಈಗ ಯಾರಿಗೂ ಗೊತ್ತಿಲ್ಲ. ಒಂದು ಪ್ರತಿ ಗುಡ್ಡದ ಮೇಲೆ, ಒಂದು ಬಯಲಲ್ಲಿ, ಒಂದು ಮೈಸೂರಿನಲ್ಲಿ ಇರಬೇಕು. ಭತ್ತದ ಬೀಜವನ್ನು ನೆಂಟರ ಮನೆಯಲ್ಲೂ ಸ್ವಲ್ಪ ಇಡುತ್ತಿದ್ದರಲ್ಲ, ಹಾಗೆ.

ನಮಗಿದು ಯಾಕೆ ಜಾಸ್ತಿ ಮುಖ್ಯ ಅಂದರೆ, ಕೊಡಗಿನ ಪುಸ್ತಕಗಳು ಸಣ್ಣ ಸಂಖ್ಯೆಯಲ್ಲಿ ಅಚ್ಚಾದವು. ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’, ಕೊಡವ ಜನಪದ ಹಾಡುಗಳ ಸಂಗ್ರಹ, 1924ರದು. ಅದೇನೋ ಮತ್ತೆ ಮತ್ತೆ ಅಚ್ಚಾಗಿ ಉಳಿಯಿತು. ಆದರೆ 1956ರ ನವೆಂಬರ್ 1ರ ತನಕ ಕೊಡಗು ತಾನೇ ಒಂದು ರಾಜ್ಯವಾಗಿತ್ತು. ಆ ಕಾಲದ ವರದಿ, ಶಾಲೆಯ ಮ್ಯಾಗಜಿನ್, ಸಂಘದ ಸ್ಮರಣ ಸಂಚಿಕೆ, ನಾಟಕದ ಕರಪತ್ರ ಇವನ್ನೆಲ್ಲಾ ಮತ್ತೆ ಯಾರು ಅಚ್ಚು ಮಾಡುತ್ತಾರೆ? ಅವೆಲ್ಲಾ ನಿಮ್ಮಂಥ ಕಾಲೇಜಿನ ಮೂಲೆಯ ಬೀರುವಿನಲ್ಲೇ ಇರಬೇಕು. ಮೊದಲು ಆಟೋ ಹತ್ತುವುದೂ ಅವೇ. ಬೆನ್ನಿನ ಮೇಲೆ ಹೆಸರಿಲ್ಲವಲ್ಲ.

ಲೈಬ್ರೇರಿಯನ್‌ಗಳನ್ನು ಮಾತ್ರ ಬೈಯಬೇಡಿ. ನಿಮ್ಮ ಪತ್ರದಲ್ಲಿ ಅವರ ಮೇಲೆ ಸ್ವಲ್ಪ ಸಿಟ್ಟು ಕಾಣಿಸಿತು. ಒಂದು ಪುಸ್ತಕ ಕಳೆದರೆ ಆಡಿಟ್‌ನಲ್ಲಿ ಅವರ ಕುತ್ತಿಗೆಗೆ ಬರುತ್ತದೆ, ಒಂದು ಆಟೋ ಪುಸ್ತಕ ಮಾರಿದರೆ ಫೈಲಿಗೆ ಸಹಿ ಬೀಳುತ್ತದೆ. ಪಕ್ಕದ ಕಾಲೇಜಿಗೆ ಎರವಲು ಕೊಡುವುದು ಅಂದರೆ ಅವರಿಗೆ ಜ್ವರ ಬರದೆ ಇನ್ನೇನು? ಎಷ್ಟೋ ಕಡೆ ಲೈಬ್ರೇರಿಯನ್ ಹುದ್ದೆಯೇ ಖಾಲಿ. ಅಟೆಂಡರ್ ಬೀಗ ತೆಗೆಯುತ್ತಾರೆ, ಹಾಕುತ್ತಾರೆ. ದುಡ್ಡಿಲ್ಲ ಅನ್ನೋ ಮಾತನ್ನು ನಾನು ಒಪ್ಪಲ್ಲ. ತಪಾಸಣಾ ಸಮಿತಿ ಬರುವ ವಾರ ಹೂಕುಂಡ, ಬ್ಯಾನರ್, ಸೆಲ್ಫಿ ಪಾಯಿಂಟು ಎಲ್ಲಾ ಬರುತ್ತವೆ. ಊರಿನ ಲೈಬ್ರರಿಗಳ ಕಥೆಯೂ ಬೇರೆಯಲ್ಲ. 1965ರ ಕಾಯ್ದೆ ಪ್ರಕಾರ ಮನೆ ಕಂದಾಯದ ಜೊತೆ ನಾವು ಶೇಕಡಾ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ರಸೀದಿ ತೆಗೆದು ನೋಡಿ, ಇರುತ್ತದೆ. ಆ ದುಡ್ಡು ಯಾವ ದಾರಿಯಲ್ಲಿ ಹೋಗಿ ಎಲ್ಲಿ ನಿಂತಿದೆ ಅಂತ ಒಮ್ಮೆ ಕೇಳೋಕೆ ಹೋಗಿದ್ದೆ. ಮೂರು ಟೇಬಲ್ ದಾಟಿದ ಮೇಲೆ ಟೀ ಕೊಟ್ಟರು. ಲೆಕ್ಕ ಕೊಡಲಿಲ್ಲ.

ಈಗ ನಿಮಗೆ ಸ್ವಲ್ಪ ಬೈಗುಳ. ನಾಲ್ಕು ಪುಟ ಪತ್ರ ಬರೆದಿರಿ, ಚೆಂದದ ಕನ್ನಡ. ಆದರೆ ಏನೇನು ಹೋಗುತ್ತಿದೆ ಅಂತ ಅದರಲ್ಲಿ ಒಂದು ಪುಸ್ತಕದ ಹೆಸರೂ ಇಲ್ಲ! ಜಂಟಿ ಉಗ್ರಾಣ, ಒಪ್ಪಂದ ಎಲ್ಲಾ ಆಮೇಲೆ. ಬರುವ ಶನಿವಾರ ಮಧ್ಯಾಹ್ನ ಇಬ್ಬರು ಹುಡುಗಿಯರನ್ನು ಕರ್ಕೊಂಡು ಆ ಬೀರುವಿನ ಮುಂದೆ ಕೂತ್ಕೊಳ್ಳಿ. ಹೆಸರು, ವರ್ಷ, ಅಚ್ಚಾದ ಊರು ಬರೆಯಿರಿ. ಬೆನ್ನಿನ ಮೇಲೆ ಹೆಸರಿಲ್ಲದ್ದನ್ನು ಮೊದಲು ಬರೆಯಿರಿ. ವಿರಾಜಪೇಟೆ, ಮಡಿಕೇರಿ, ಕುಶಾಲನಗರದ ಕಾಲೇಜುಗಳ ಲೈಬ್ರೇರಿಯನ್‌ಗಳಿಗೆ ವಾಟ್ಸಾಪ್ ಮಾಡಿ, ಇದು ನಿಮ್ಮಲ್ಲಿ ಇದೆಯಾ ಅಂತ. ಇದೆ ಅಂದರೆ ನಿಮ್ಮದನ್ನು ತೆಗೆಯಲಿ, ಅವರು ಇಟ್ಟುಕೊಳ್ಳಲಿ. ಇಲ್ಲ ಅಂದರೆ ಪಟ್ಟಿ ಹಿಡಿದು ಪ್ರಿನ್ಸಿಪಾಲರ ಹತ್ತಿರ ಹೋಗಿ. ಅವರು ಕೇಳದಿದ್ದರೆ ನನಗೆ ಕಳಿಸಿ, ಮುಂದಿನ ತಿಂಗಳು ಒಂದು ಪುಟ ಬಿಡುತ್ತೇನೆ. ಕಾಲೇಜಿನ ಹೆಸರು ಹಾಕಲ್ಲ, ಪುಸ್ತಕದ್ದು ಹಾಕ್ತೀನಿ.

ಇನ್ನೊಂದು ವಿಷಯ, ಹೇಳೋಕೆ ನಾಚಿಕೆ. 1954ರ ಕಾಯ್ದೆ ಪ್ರಕಾರ ಅಚ್ಚಾದ ಪುಸ್ತಕವನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಲೈಬ್ರರಿಗಳಿಗೂ ಕಳಿಸಬೇಕು. ಪತ್ರಿಕೆಗಳನ್ನೂ ಆಮೇಲೆ ಅದಕ್ಕೆ ಸೇರಿಸಿದರು. ನಾವು ಮೊದಮೊದಲು ಕಳಿಸಲಿಲ್ಲ. ಅಂಚೆ ಖರ್ಚು ಅಂತ ಕೈಬಿಟ್ಟೆವು. ನಮ್ಮದೇ ಪತ್ರಿಕೆಯ ಮೂರನೇ ವರ್ಷದ ಹುತ್ತರಿ ಸಂಚಿಕೆ ಈಗ ನಮ್ಮ ಕಚೇರಿಯಲ್ಲೇ ಇಲ್ಲ. ಹಸಿರು ರಕ್ಷಾಪುಟ, ಕದಿರು ಹಿಡಿದ ಕೈ, ಕೆಳಗೆ ಅಚ್ಚಿನ ತಪ್ಪು: ‘ಹುತ್ತರಿ ವಿಶಷಾಂಕ’. ಆ ಬೀರುವಿನಲ್ಲಿ ಸಿಕ್ಕರೆ ಪಟ್ಟಿಗೆ ಬರೆಯುವ ಮುಂಚೆಯೇ ಒಂದು ಫೋನ್ ಮಾಡಿ. ಬಸ್ಸು ಹಿಡಿದು ನಾನೇ ಬರ್ತೀನಿ.

— ಸಂ.