ಸುಂಕದ ಕಟ್ಟೆಯ ಜಾಗ ಯಾರದು? – ಸಂಪಾದಕರ ಉತ್ತರ

ಮಾನ್ಯರೇ,

ಗಡಿಯ ಸುಂಕದ ಕಟ್ಟೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನವನ್ನು ಓದಿ ನೀವು ಬರೆದ ಪತ್ರ ತಲುಪಿದೆ. ‘ಗಡಿಯಲ್ಲಿರುವ ಜಾಗ ಸರ್ಕಾರದ್ದು, ಅದನ್ನು ಕೇಳುತ್ತಿರುವ ಕಸ್ಟಮ್ಸ್ ಕೂಡ ಸರ್ಕಾರದ್ದೇ, ಎಡಗೈಯಿಂದ ಬಲಗೈಗೆ ಕೊಡುವುದಕ್ಕೆ ಇಷ್ಟೊಂದು ಕಡತ, ಇಷ್ಟೊಂದು ಸಹಿ ಏಕೆ?’ ಎಂಬುದು ನಿಮ್ಮ ಪ್ರಶ್ನೆ. ಒಮ್ಮೆ ಹಸ್ತಾಂತರವಾದ ಜಾಗ ಕೊನೆಯವರೆಗೂ ಕಸ್ಟಮ್ಸಿನದೇ ಆಗಿ ಉಳಿಯುತ್ತದೆಯೇ ಎಂದೂ ಕೇಳಿದ್ದೀರಿ. ಉತ್ತರಿಸುವ ಮೊದಲು ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಆ ಲೇಖನದಲ್ಲಿ ‘ಕಸ್ಟಮ್ಸ್ ಇಲಾಖೆಯ ಜಾಗ’ ಎಂಬ ಮಾತನ್ನು ಮೂರು ನಾಲ್ಕು ಕಡೆ ಸಲೀಸಾಗಿ ಬಳಸಿದ್ದೇವೆ. ಹಲವೆಡೆ ಅದು ಕಸ್ಟಮ್ಸ್ ಕೂತಿರುವ ಜಾಗವೇ ಹೊರತು ಕಸ್ಟಮ್ಸಿನ ಜಾಗವಲ್ಲ. ನಿಮ್ಮ ಪ್ರಶ್ನೆ ಹುಟ್ಟಲು ನಮ್ಮ ಆ ಸಡಿಲ ಮಾತೂ ಕಾರಣವಿರಬಹುದು.

ಸರ್ಕಾರ ಎಂಬುದು ಒಬ್ಬ ಯಜಮಾನನಲ್ಲ. ಭಾರತವನ್ನೇ ತೆಗೆದುಕೊಂಡರೆ, ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕಸ್ಟಮ್ಸ್ ಸುಂಕ ಕೇಂದ್ರ ಪಟ್ಟಿಗೆ ಸೇರಿದ್ದರೆ ಭೂಮಿ ರಾಜ್ಯ ಪಟ್ಟಿಗೆ ಸೇರಿದೆ. ಅಂದರೆ ಸುಂಕ ಹಾಕುವ ಅಧಿಕಾರವಿರುವ ಸರ್ಕಾರವೂ ಆ ಸುಂಕದ ಕಟ್ಟೆ ನಿಲ್ಲಬೇಕಾದ ನೆಲದ ದಾಖಲೆ ಇಟ್ಟುಕೊಂಡಿರುವ ಸರ್ಕಾರವೂ ಬೇರೆ ಬೇರೆ. ಕೇಂದ್ರದೊಳಗೂ ಮನೆ ಒಂದೇ ಅಲ್ಲ. ಕಸ್ಟಮ್ಸ್ ಇರುವುದು ಹಣಕಾಸು ಸಚಿವಾಲಯದ ಅಧೀನದಲ್ಲಿ. ಭೂಗಡಿಯ ಸಮಗ್ರ ತಪಾಸಣಾ ಠಾಣೆಗಳನ್ನು ಕಟ್ಟಿಸಿ ನಡೆಸುವ ಭಾರತೀಯ ಭೂ ಬಂದರು ಪ್ರಾಧಿಕಾರವು 2010ರ ಕಾಯ್ದೆಯಡಿ 2012ರ ಮಾರ್ಚ್ 1ರಂದು ಅಸ್ತಿತ್ವಕ್ಕೆ ಬಂದದ್ದು, ಗೃಹ ಸಚಿವಾಲಯದ ಅಧೀನದಲ್ಲಿ. ಅದೇ ವರ್ಷ ತೆರೆದ, ಪಾಕಿಸ್ತಾನ ಗಡಿಯ ಅಟ್ಟಾರಿಯಲ್ಲಾಗಲಿ, 2016ರಲ್ಲಿ ಉದ್ಘಾಟನೆಯಾದ, ಬಾಂಗ್ಲಾದೇಶ ಗಡಿಯ ಪೆಟ್ರಾಪೋಲ್‌ನಲ್ಲಾಗಲಿ ಲಾರಿಗಳು ನಿಲ್ಲುವ ಅಂಗಳವನ್ನು ನೋಡಿಕೊಳ್ಳುವುದು ಪ್ರಾಧಿಕಾರ, ಸರಕನ್ನು ಪರಿಶೀಲಿಸುವುದು ಕಸ್ಟಮ್ಸ್, ಗಡಿಯನ್ನು ಕಾಯುವುದು ಗಡಿ ಭದ್ರತಾ ಪಡೆ. ಅಮೆರಿಕದಲ್ಲೂ ದೊಡ್ಡ ಭೂ ಬಂದರುಗಳ ಕಟ್ಟಡಗಳಲ್ಲಿ ಬಹುಪಾಲನ್ನು 1949ರಲ್ಲಿ ಸ್ಥಾಪನೆಯಾದ ಸಾಮಾನ್ಯ ಸೇವೆಗಳ ಆಡಳಿತ ಸಂಸ್ಥೆ ನಿರ್ವಹಿಸುತ್ತದೆ. ಕಸ್ಟಮ್ಸ್ ಅಲ್ಲಿ ಬಾಡಿಗೆದಾರನಂತೆ ಇದೆ.

ಹೀಗಿರುವಾಗ ಒಂದು ಇಲಾಖೆ ಇನ್ನೊಂದಕ್ಕೆ ಕೊಡುವುದು ಏನನ್ನು? ಸಾಮಾನ್ಯವಾಗಿ ಒಡೆತನವನ್ನಲ್ಲ, ಒಂದು ಗೊತ್ತಾದ ಉದ್ದೇಶಕ್ಕಾಗಿ ಜಾಗವನ್ನು ಹಿಡಿದಿಟ್ಟುಕೊಳ್ಳುವ ಹಕ್ಕನ್ನು. ಆ ಉದ್ದೇಶವನ್ನು ಆದೇಶದಲ್ಲಿ ಹೇಗೆ ಬರೆಯಲಾಗಿದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ನಿದರ್ಶನವೆಂದರೆ ಅಮೆರಿಕ–ಮೆಕ್ಸಿಕೊ ಗಡಿಯುದ್ದಕ್ಕೂ ಇರುವ ಅರವತ್ತು ಅಡಿಯ ಪಟ್ಟಿ. 1907ರ ಮೇ 27ರಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಒಂದು ಘೋಷಣೆ ಹೊರಡಿಸಿ, ಕ್ಯಾಲಿಫೋರ್ನಿಯ ರಾಜ್ಯ ಮತ್ತು ಆಗಿನ್ನೂ ರಾಜ್ಯಗಳಾಗಿರದ ಅರಿಜೋನ, ನ್ಯೂ ಮೆಕ್ಸಿಕೊಗಳಲ್ಲಿ ಗಡಿರೇಖೆಯಿಂದ ಅರವತ್ತು ಅಡಿಯೊಳಗಿನ ಸರ್ಕಾರಿ ಭೂಮಿಯನ್ನು ಕಳ್ಳಸಾಗಣೆ ತಡೆಗೆಂದು ಕಾದಿರಿಸಿದರು. ಮೊದಲೇ ಖಾಸಗಿಯವರ ಹಕ್ಕಿಗೆ ಬಂದಿದ್ದ ನೆಲವನ್ನು ಅದು ಮುಟ್ಟಲಿಲ್ಲ. ಟೆಕ್ಸಸ್ ಆ ಘೋಷಣೆಯಲ್ಲಿ ಇಲ್ಲವೇ ಇಲ್ಲ, ಏಕೆಂದರೆ ಒಕ್ಕೂಟಕ್ಕೆ ಸೇರುವಾಗಲೇ ಆ ರಾಜ್ಯ ತನ್ನ ಸರ್ಕಾರಿ ಭೂಮಿಯನ್ನು ತನ್ನಲ್ಲೇ ಉಳಿಸಿಕೊಂಡಿತ್ತು. 1912ರಲ್ಲಿ ಅಧ್ಯಕ್ಷ ಟಾಫ್ಟ್ ಕೆನಡಾ ಗಡಿಗೂ ಅಷ್ಟೇ ಅಗಲದ ಪಟ್ಟಿಯನ್ನು ಕಾದಿರಿಸಿದರು. ಅರವತ್ತು ಅಡಿ ಎಂದರೆ ಹದಿನೆಂಟು ಮೀಟರು. ಕುದುರೆಯ ಮೇಲೆ ಗಸ್ತು ತಿರುಗುವವನಿಗೆ ಸಾಕು, ಉದ್ದನೆಯ ಟ್ರೇಲರ್ ಒಂದು ತಿರುಗಿಕೊಳ್ಳುವುದಕ್ಕೆ ಇಕ್ಕಟ್ಟು.

ಆ ಗಡಿಯ ನೆಲದ ಮುಂದಿನ ಕಥೆ ನಿಮ್ಮ ಎರಡನೆಯ ಪ್ರಶ್ನೆಗೂ ಉತ್ತರ. 2025ರ ಏಪ್ರಿಲ್‌ನಲ್ಲಿ ಸರ್ಕಾರಿ ಭೂಮಿಯನ್ನು ನೋಡಿಕೊಳ್ಳುವ ಅಮೆರಿಕದ ಆಂತರಿಕ ಇಲಾಖೆ ನ್ಯೂ ಮೆಕ್ಸಿಕೊದ ಗಡಿಯಲ್ಲಿನ ಸುಮಾರು 1,09,651 ಎಕರೆ ಸರ್ಕಾರಿ ಭೂಮಿಯ ಆಡಳಿತವನ್ನು ಮೂರು ವರ್ಷಗಳ ಅವಧಿಗೆ ಸೇನೆಗೆ ವರ್ಗಾಯಿಸಿತು. ಮಾಲೀಕ ಬದಲಾಗಲಿಲ್ಲ, ಅದೇ ಒಕ್ಕೂಟ ಸರ್ಕಾರ. ಆದರೆ ಅನುಮತಿ ಇಲ್ಲದೆ ಆ ನೆಲದ ಮೇಲೆ ಕಾಲಿಟ್ಟವನ ಮೇಲೆ ಈಗ ಸೇನಾ ಪ್ರದೇಶದ ಅತಿಕ್ರಮ ಪ್ರವೇಶದ ಆರೋಪವನ್ನೂ ಹೊರಿಸಬಹುದಾಯಿತು. ‘ಎಲ್ಲವೂ ಸರ್ಕಾರದ್ದೇ ಅಲ್ಲವೇ’ ಎನ್ನುವವರು ಈ ವ್ಯತ್ಯಾಸವನ್ನು ಗಮನಿಸಬೇಕು: ಭೂಮಿ ಕೈ ಬದಲಾಯಿಸಿದಾಗ ಅದರ ಮೇಲೆ ನಡೆದಾಡುವವನಿಗೆ ಅನ್ವಯಿಸುವ ಕಾನೂನೂ ಬದಲಾಗಬಹುದು. ಸಹಿಗಳು ಇರುವುದು ಇದಕ್ಕಾಗಿ.

ಇನ್ನು, ಹಸ್ತಾಂತರದ ಆದೇಶ ಬಂದ ಮಾತ್ರಕ್ಕೆ ಜಾಗ ಕಸ್ಟಮ್ಸಿಗೆ ಕೆಲಸಕ್ಕೆ ಬರುವುದಿಲ್ಲ. ಭಾರತದ 1962ರ ಕಸ್ಟಮ್ಸ್ ಕಾಯ್ದೆಯ 7ನೇ ಕಲಮಿನಡಿ ಆ ಸ್ಥಳವನ್ನು ಭೂ ಕಸ್ಟಮ್ಸ್ ಠಾಣೆಯೆಂದು ಅಧಿಸೂಚನೆಯ ಮೂಲಕ ಗೊತ್ತುಪಡಿಸಬೇಕು. 8ನೇ ಕಲಮಿನಡಿ ಆಯುಕ್ತರು ಕಸ್ಟಮ್ಸ್ ಪ್ರದೇಶದ ಎಲ್ಲೆಯನ್ನು ನಿರ್ದಿಷ್ಟಪಡಿಸಬೇಕು. ಈ ಎಲ್ಲೆ ಕಾಗದದ ಮೇಲಿನ ಗೆರೆ ಮಾತ್ರವಲ್ಲ. ಲಾರಿಯೊಂದು ಗೇಟು ದಾಟಿ ಬಂದು, ವೇಬ್ರಿಡ್ಜ್ ಮೇಲೆ ನಿಂತು ತೂಕವಾಗಿ, ಗೋದಾಮಿನ ಮುಂದೆ ಪೆಟ್ಟಿಗೆಗಳನ್ನು ಇಳಿಸುತ್ತದೆ ಎಂದುಕೊಳ್ಳಿ. ಮರುದಿನ ಎಣಿಸಿದರೆ ಎರಡು ಪೆಟ್ಟಿಗೆ ಕಡಿಮೆ. ಕಸ್ಟಮ್ಸ್ ಪ್ರದೇಶದಲ್ಲಿ ಇಳಿಸಿದ ಮೇಲೆ ಕಳುವಾದ ಸರಕಿನ ಸುಂಕವನ್ನು ಅದರ ಸುಪರ್ದಿ ವಹಿಸಿಕೊಂಡವನೇ ತೆರಬೇಕೆಂದು 45ನೇ ಕಲಮು ಹೇಳುತ್ತದೆ. ಆದರೆ ಗೋದಾಮಿನ ಮುಂದಿನ ಆ ಹತ್ತು ಗಜ, ಸರ್ವೆ ನಕ್ಷೆಯಲ್ಲಿ ಇನ್ನೂ ನೀರಾವರಿ ಇಲಾಖೆಯ ಕಾಲುವೆಯ ದಂಡೆಯಾಗಿಯೇ ಉಳಿದು, ಅಧಿಸೂಚಿತ ಎಲ್ಲೆಯ ಹೊರಗೆ ಬಿದ್ದಿದ್ದರೆ? ಸುಪರ್ದಿದಾರನ ವಕೀಲ ಮೊದಲು ಕೇಳುವ ಪ್ರಶ್ನೆ ಅದೇ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಪ್ರಯೋಜನವಿಲ್ಲ ಎನ್ನುತ್ತಾರೆ. ಚೆಕ್ಕುಬಂದಿ ತೋರಿಸಿದರೆ ಮಾತ್ರ ಸುಂಕದವನೂ ಸುಮ್ಮನಾಗಬೇಕಾಗುತ್ತದೆ.

ಆದ್ದರಿಂದ ವಿಳಂಬದ ಬಗ್ಗೆ ನಿಮ್ಮ ಅಸಮಾಧಾನವನ್ನು ನಾನು ಅರ್ಧ ಮಾತ್ರ ಹಂಚಿಕೊಳ್ಳುತ್ತೇನೆ. ಒಂದೇ ಟಿಪ್ಪಣಿಯನ್ನು ನಾಲ್ಕು ಮೇಜುಗಳ ಮೇಲೆ ನಾಲ್ಕು ಬಾರಿ ಬರೆಯುವುದು, ಇಲಾಖೆಗಳು ತಮ್ಮತಮ್ಮೊಳಗೆ ಜಾಗದ ಬೆಲೆಯ ಬಗ್ಗೆ ವರ್ಷಗಟ್ಟಲೆ ಪತ್ರ ಬರೆದುಕೊಳ್ಳುವುದು ಶುದ್ಧ ಕಾಲಹರಣ. ಹದ್ದುಬಸ್ತಿಗೆ, ಅಂದರೆ ಸ್ಥಳಕ್ಕೆ ಹೋಗಿ ಅಳೆದು, ಅಕ್ಕಪಕ್ಕದ ಹಿಡುವಳಿದಾರರ ಎದುರು ಕಲ್ಲು ನೆಟ್ಟು ಮಹಜರು ಮಾಡುವುದಕ್ಕೆ ಹಿಡಿಯುವ ಕಾಲವನ್ನು ಮಾತ್ರ ನಾನು ದೂರುವುದಿಲ್ಲ. ಗಡಿಯ ‘ಸರ್ಕಾರಿ ಜಾಗ’ದಲ್ಲಿ ದನ ಮೇಯಿಸುವವರು, ತಲೆಮಾರುಗಳಿಂದ ಉಳುತ್ತ ಬಂದವರು ಇರುತ್ತಾರೆ, ಕಡತದಲ್ಲಿ ಖಾಲಿ ಎಂದಿರುವ ಜಾಗ ನೆಲದ ಮೇಲೆ ಖಾಲಿ ಇರುವುದು ಅಪರೂಪ. ಭಾರತ–ಬಾಂಗ್ಲಾದೇಶ ಗಡಿಯಲ್ಲಂತೂ 1975ರ ಜಂಟಿ ಮಾರ್ಗಸೂಚಿಯ ಕಾರಣದಿಂದ ಶೂನ್ಯರೇಖೆಯ, ಅಂದರೆ ನಿಜವಾದ ಗಡಿಗೆರೆಯ, 150 ಗಜದೊಳಗೆ ಏನು ಕಟ್ಟಬಹುದು ಎಂಬುದೇ ಎರಡು ದೇಶಗಳ ನಡುವಿನ ಚರ್ಚೆಯ ವಿಷಯವಾಗುತ್ತದೆ.

ಕಸ್ಟಮ್ಸ್ ಎದ್ದು ಹೋದರೆ ಜಾಗ ಯಾರಿಗೆ? ಇದು ಕೇವಲ ಊಹೆಯ ಪ್ರಶ್ನೆಯಲ್ಲ. 1993ರ ಜನವರಿ 1ರಂದು ಯುರೋಪಿನ ಏಕ ಮಾರುಕಟ್ಟೆ ಜಾರಿಗೆ ಬಂದಾಗ ಸದಸ್ಯ ದೇಶಗಳ ನಡುವಣ ಗಡಿಗಳಲ್ಲಿ ಸರಕಿನ ಕಸ್ಟಮ್ಸ್ ತಪಾಸಣೆ ಒಂದೇ ದಿನದಲ್ಲಿ ನಿಂತುಹೋಯಿತು. ಠಾಣೆಗಳು, ಅಂಗಳಗಳು, ಚಾವಣಿಗಳು ಉಳಿದುಕೊಂಡವು. ಹಸ್ತಾಂತರದ ಆದೇಶದಲ್ಲಿ ‘ಉದ್ದೇಶ ಮುಗಿದಲ್ಲಿ ಮೂಲ ಇಲಾಖೆಗೆ ಹಿಂದಿರುಗತಕ್ಕದ್ದು’ ಎಂಬ ಷರತ್ತು ಇದ್ದರೆ ಜಾಗ ಹಿಂದಿರುಗುತ್ತದೆ. ಇಲ್ಲದಿದ್ದರೆ ಕೊನೆಯದಾಗಿ ಬೀಗದ ಕೈ ಇಟ್ಟುಕೊಂಡಿದ್ದ ಕಚೇರಿಯಲ್ಲೇ ಅದು ಉಳಿಯುತ್ತದೆ, ಕಾವಲುಗಾರನ ಸಂಬಳದ ಲೆಕ್ಕವೂ ಅಲ್ಲೇ ಬೆಳೆಯುತ್ತದೆ.

– ಸಂಪಾದಕ