ಕ್ಯೂ ಬಂತು, ಯು ಇಲ್ಲ: ಸ್ಕ್ರ್ಯಾಬಲ್‌ಗೆ ಪದ ಹುಡುಕುವುದು ಹೇಗೆ?

ನೀವು ಕೇಳಿರುವುದು ಎರಡು ವಿಷಯ. ಅಕ್ಷರದ ಬಿಲ್ಲೆಗಳನ್ನು ಬೋರ್ಡಿನ ಮೇಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಡುವಾಗ ಕ್ಯೂ, ವಿ ತರಹದ ಅಕ್ಷರ ಕೈಗೆ ಬಂದರೆ ಯಾವ ಇಂಗ್ಲಿಷ್ ಪದವೂ ಹೊಳೆಯುವುದಿಲ್ಲ, ಏನು ಮಾಡಲಿ ಅನ್ನುವುದು ಒಂದು. ಅಕ್ಷರ ಕೊಟ್ಟರೆ ಪದ ಹುಡುಕಿಕೊಡುವ ವೆಬ್‌ಸೈಟ್ ಬಳಸುವುದು ಮೋಸವಾ ಅನ್ನುವುದು ಇನ್ನೊಂದು. ಜೊತೆಗೆ ‘ನಾನು ಕನ್ನಡ ಮೀಡಿಯಂನಲ್ಲಿ ಓದಿದವನು, ಅದಕ್ಕೇ ಇರಬೇಕು’ ಅಂತಲೂ ಬರೆದಿದ್ದೀರಿ.

ಆ ಕೊನೆಯ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್ ಆದರು. ಅವರಿಗೆ ಫ್ರೆಂಚ್ ಮಾತಾಡಲು ಬರುವುದಿಲ್ಲ! ಪದಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದರು, ಅಷ್ಟೇ. 2024ರಲ್ಲಿ ಸ್ಪ್ಯಾನಿಶ್‌ನಲ್ಲೂ ಗೆದ್ದರು. 2003ರಲ್ಲಿ ಇಂಗ್ಲಿಷ್ ವಿಶ್ವ ಚಾಂಪಿಯನ್ ಆದವರು ಥಾಯ್ಲೆಂಡಿನವರು. ಬೋರ್ಡಿಗೆ ಬೇಕಾದ್ದು ಸ್ಪೆಲಿಂಗ್. ಪದದ ಅರ್ಥ ಗೊತ್ತಿಲ್ಲದಿದ್ದರೂ ಅಂಕ ಸಿಕ್ಕೇ ಸಿಗುತ್ತದೆ.

ನಮಗೆ ತೊಡಕು ಬೇರೆ ಕಡೆ ಇದೆ ಅಂತ ನನ್ನ ಅನಿಸಿಕೆ. ಕನ್ನಡದಲ್ಲಿ ಹೆಚ್ಚುಕಡಿಮೆ ಕೇಳಿಸಿದ ಹಾಗೇ ಬರೆಯುತ್ತೇವೆ. ಹಾಗಾಗಿ ಪದವನ್ನು ಕಿವಿಯಿಂದ ಹುಡುಕುವ ಅಭ್ಯಾಸ. ಕೈಯಲ್ಲಿ ಕೆ ಇದ್ದರೆ ‘ಕ’ ಸದ್ದಿನ ಪದಗಳೇ ಬರುತ್ತವೆ. ನೈಫ್, ನೀ, ನಾಕ್ ಇವೆಲ್ಲ ಕೆಯಿಂದಲೇ ಶುರುವಾಗುತ್ತವೆ ಅಂತ ಆ ಹೊತ್ತಿಗೆ ನೆನಪಾಗುವುದೇ ಇಲ್ಲ. ಇದಕ್ಕೆ ನಾನು ಮಾಡುವ ಉಪಾಯ ಸರಳ: ಸ್ಟ್ಯಾಂಡಿನ ಮೇಲೆ ಬಿಲ್ಲೆಗಳನ್ನು ಸುಮ್ನೆ ಬಿಡುವುದಿಲ್ಲ, ಜಾಗ ಬದಲಿಸುತ್ತಲೇ ಇರುತ್ತೇನೆ. ಐ-ಎನ್-ಜಿ, ಇ-ಡಿ, ಇ-ಆರ್ ತರಹದ ಬಾಲಗಳು ಸಿಕ್ಕರೆ ಬಲಕ್ಕೆ ತಳ್ಳಿ, ಉಳಿದದ್ದನ್ನು ನೋಡುತ್ತೇನೆ. ಆರ್-ಇ, ಯು-ಎನ್ ಇದ್ದರೆ ಎಡಕ್ಕೆ. ಕೆಲವು ಅಕ್ಷರಗಳ ಗುಂಪು ಬಂಗಾರ ಇದ್ದ ಹಾಗೆ. ‘ರೆಟಿನಾ’ದ ಆರು ಅಕ್ಷರಕ್ಕೆ ಒಂದು ಎಸ್ ಸೇರಿಸಿ ನೋಡಿ: ರಿಟೇನ್ಸ್, ನ್ಯಾಸ್ಟಿಯರ್, ಸ್ಟೇನರ್, ಎಲ್ಲವೂ ಆಗುತ್ತವೆ. ಕೈಯಲ್ಲಿರುವ ಏಳೂ ಬಿಲ್ಲೆ ಒಟ್ಟಿಗೆ ಇಳಿಸಿದರೆ 50 ಅಂಕ ಹೆಚ್ಚುವರಿ ಅಂತ ನಿಮಗೆ ಗೊತ್ತೇ ಇದೆ.

ಈಗ ಕ್ಯೂ. ಈ ಆಟ ಕಟ್ಟಿದ ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ 1930ರ ದಶಕದಲ್ಲಿ ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಕೂತು ಎಣಿಸಿದ್ದರು. ಅದಕ್ಕೇ ಇ ಬಿಲ್ಲೆ 12 ಇವೆ, ಕ್ಯೂ ಒಂದೇ ಒಂದು, ಅದಕ್ಕೆ 10 ಅಂಕ. (ಎಸ್ ಬರೀ ನಾಲ್ಕು. ಜಾಸ್ತಿ ಕೊಟ್ಟರೆ ಎಲ್ಲರೂ ಬಹುವಚನ ಮಾಡಿಯೇ ಗೆಲ್ಲುತ್ತಿದ್ದರು.) ಇಂಗ್ಲಿಷಿನಲ್ಲಿ ಕ್ಯೂ ಹಿಂದೆ ಸಾಮಾನ್ಯವಾಗಿ ಯು ಬರುತ್ತದೆ, ಆದರೂ ಕ್ಯೂ ಬಂದ ಕೂಡಲೇ ಯುಗಾಗಿ ಕಾಯಬೇಡಿ. ಮೊದಲು ನೆನಪಿಡಬೇಕಾದ್ದು ಕ್ಯೂ-ಐ, ಎರಡೇ ಅಕ್ಷರ. ‘ಚೀ’ ಅಂತ ಉಚ್ಚಾರ, ಚೀನೀಯರು ಹೇಳುವ ಪ್ರಾಣಶಕ್ತಿ. ಅಕ್ಷರದ ಅಂಕವನ್ನು ಮೂರು ಪಟ್ಟು ಮಾಡುವ ಚೌಕದಲ್ಲಿ ಕ್ಯೂ ಕೂತು, ಅಡ್ಡಕ್ಕೂ ಉದ್ದಕ್ಕೂ ಈ ಪದ ಆಯಿತು ಅಂದರೆ ಕ್ಯೂಗೆ 30, ಐಗೆ 1, ಹೀಗೆ 31 ಮತ್ತು 31, ಒಟ್ಟು 62!

ಯು ಇಲ್ಲದ ಬೇರೆ ಕ್ಯೂ ಪದಗಳಲ್ಲಿ ಬಹಳಷ್ಟು ಅರಬ್ಬಿಯಿಂದ ಬಂದವು. ಇಲ್ಲಿ ನಮಗೇ ಅನುಕೂಲ, ಯಾಕೆಂದರೆ ಅವು ಕನ್ನಡದಲ್ಲೂ ಓಡಾಡುತ್ತವೆ. ಫಕೀರ: ಎಫ್-ಎ-ಕ್ಯೂ-ಐ-ಆರ್. ತಲಾಖ್: ಟಿ-ಎ-ಎಲ್-ಎ-ಕ್ಯೂ. ಖಾಜಿ: ಕ್ಯೂ-ಎ-ಡಿ-ಐ. ನಿಖಾಬ್: ಎನ್-ಐ-ಕ್ಯೂ-ಎ-ಬಿ. ಇವು ಒಮ್ಮೆ ಕಣ್ಣಿಗೆ ಬಿದ್ದರೆ ಮರೆಯುವುದಿಲ್ಲ. ಹಾಗೇ ಇಡ್ಲಿ, ದೋಸೆ, ಧೋತಿ, ಲಕ್ಷದ ‘ಲಾಖ್’ ಎಲ್ಲ ಕಾಲಿನ್ಸ್ ಪಟ್ಟಿಯಲ್ಲಿವೆ (ಸ್ಕ್ರ್ಯಾಬಲ್‌ಗೆ ಒಪ್ಪುವ ಪದಗಳ ಒಂದು ಪಟ್ಟಿ ಅದು). ದೋಸೆಗೆ ಕೊನೆಯಲ್ಲಿ ಎ ಹಾಕಬೇಕು, ಇ ಅಲ್ಲ.

ವೆಬ್‌ಸೈಟುಗಳ ವಿಷಯ. ಅವುಗಳ ಒಳಗೆ ಮಂತ್ರ ಏನೂ ಇಲ್ಲ. ಪ್ರತಿ ಪದದ ಅಕ್ಷರಗಳನ್ನೂ ಎ ಇಂದ ಜೆಡ್‌ವರೆಗಿನ ಕ್ರಮದಲ್ಲಿ ಜೋಡಿಸಿಟ್ಟುಕೊಂಡರೆ ಆಯಿತು. ಲಿಸನ್, ಸೈಲೆಂಟ್, ಟಿನ್ಸೆಲ್ ಮೂರನ್ನೂ ಹಾಗೆ ಜೋಡಿಸಿ ನೋಡಿ, ಇ-ಐ-ಎಲ್-ಎನ್-ಎಸ್-ಟಿ ಅನ್ನುವ ಒಂದೇ ಸಾಲು ಬರುತ್ತದೆ. ನಿಮ್ಮ ಅಕ್ಷರಗಳನ್ನೂ ಹಾಗೇ ಜೋಡಿಸಿ, ಅದೇ ಸಾಲು ಇರುವ ಪದಗಳನ್ನು ಎತ್ತಿಕೊಡಬಹುದು. ದೊಡ್ಡ ಆಟಗಾರರು ಕಲಿಯುವುದೂ ಇದೇ ಸಾಲುಗಳನ್ನು.

ನನಗೆ ಜಾಸ್ತಿ ಇಷ್ಟವಾದದ್ದು ಒನ್‌ಲುಕ್ ಅನ್ನುವ ಪದ ಹುಡುಕುವ ವೆಬ್‌ಸೈಟ್. ಅದರಲ್ಲಿ ಪ್ರಶ್ನೆ ಚಿಹ್ನೆ ಅಂದರೆ ಯಾವುದೋ ಒಂದು ಅಕ್ಷರ, ನಕ್ಷತ್ರ ಚಿಹ್ನೆ ಅಂದರೆ ಎಷ್ಟು ಅಕ್ಷರವಾದರೂ ಸರಿ. ಕೊನೆಗೆ ಮೈನಸ್ ಹಾಕಿ ಕೆಲವು ಅಕ್ಷರ ಬರೆದರೆ, ಅವಿರುವ ಪದಗಳನ್ನು ಕೈಬಿಡುತ್ತದೆ. ನಕ್ಷತ್ರ, ಕ್ಯೂ, ನಕ್ಷತ್ರ, ಆಮೇಲೆ ಮೈನಸ್ ಯು ಅಂತ ಹಾಕಿ. ಯು ಇಲ್ಲದ ಕ್ಯೂ ಪದಗಳು ಸಾಲಾಗಿ ಬರುತ್ತವೆ. ಐದಕ್ಷರದ ಪದ ಊಹಿಸುವ ವರ್ಡಲ್ ಆಟ ಆಡುವವರಿಗೂ ಈ ಮೈನಸ್ ತುಂಬಾ ಉಪಯೋಗ. ಆದರೆ ಅದು ಊರಿನ ಹೆಸರು, ಜನರ ಹೆಸರು ಎಲ್ಲ ತೋರಿಸುತ್ತದೆ. ಸ್ಕ್ರ್ಯಾಬಲ್‌ಗೆ ಅವು ನಡೆಯುವುದಿಲ್ಲ, ಪದಪಟ್ಟಿಯಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. ಯಾವ ಪಟ್ಟಿ ಅನ್ನುವುದನ್ನು ಆಟಕ್ಕೆ ಮೊದಲೇ ಮಾತಾಡಿಕೊಂಡಿರಬೇಕು. ಅಮೆರಿಕದವರ ಪಟ್ಟಿ ಬೇರೆ, ಭಾರತದ ಸ್ಪರ್ಧೆಗಳಲ್ಲಿ ಬಳಸುವುದು ಕಾಲಿನ್ಸ್. ಅರ್ಧ ಜಗಳ ಇಲ್ಲೇ ಹುಟ್ಟುವುದು.

ಮೋಸವಾ ಅಂದರೆ: ಆಟದ ಮಧ್ಯೆ ಮೊಬೈಲ್ ತೆಗೆದರೆ ಹೌದು, ಮೋಸವೇ. ಆಟ ಮುಗಿದ ಮೇಲೆ ‘ಆ ಏಳು ಅಕ್ಷರದಲ್ಲಿ ಏನಿತ್ತು’ ಅಂತ ನೋಡುವುದು ಮೋಸ ಅಲ್ಲ, ಅದೇ ನಿಜವಾದ ಕಲಿಕೆ. ನಮ್ಮ ಮನೆಯಲ್ಲಿ ಹೊಸಬರು, ಮಕ್ಕಳು ಆಡಲು ಕೂತರೆ ಎರಡಕ್ಷರದ ಪದಗಳ ಪಟ್ಟಿಯನ್ನು ಮೇಜಿನ ಮೇಲೇ ಇಡುತ್ತೇವೆ. ಕಾಲಿನ್ಸ್‌ನಲ್ಲಿ ಅಂಥವು 120ಕ್ಕೂ ಹೆಚ್ಚಿವೆ. ನೀವು ಒಂದೇ ಒಂದು ಪಟ್ಟಿ ಕಲಿಯುವುದಾದರೆ ಇದನ್ನೇ ಕಲಿಯಿರಿ.

ವಿ ಮಾತ್ರ ಸ್ವಲ್ಪ ಕಷ್ಟ. ಎರಡಕ್ಷರದ ಪಟ್ಟಿಯಲ್ಲಿ ವಿ ಇರುವ ಪದ ಒಂದೂ ಇಲ್ಲ, ಹಾಗಾಗಿ ಸಂದಿಯಲ್ಲಿ ತೂರಿಸಲು ಆಗುವುದಿಲ್ಲ. ವ್ಯಾನ್, ವೆಟ್, ವಯಾ ತರಹ ಸಿಕ್ಕಿದ್ದರಲ್ಲಿ ಬೇಗ ಇಳಿಸಿಬಿಡಿ. ಎರಡು ವಿ ಒಟ್ಟಿಗೆ ಬಂದರೆ ಸರದಿ ಬಿಟ್ಟು ಬದಲಾಯಿಸಿಕೊಳ್ಳುವುದೇ ವಾಸಿ, ಚೀಲದಲ್ಲಿ ಇನ್ನೂ ಏಳಾದರೂ ಬಿಲ್ಲೆ ಉಳಿದಿದ್ದರೆ.